ನಮ್ಮ ಗಟ್ಟಿ ಒಳಗಿದೆ

ಸ್ಫೋಟ ಅನ್ನಬೇಡಿ ಎಂದು ಜೊಲ್ದೋಶ್ ಮೊದಲಿಗೇ ಹೇಳಿಕೊಟ್ಟ. ಗ್ಯಾಸು ಚಪ್ಪಾಳೆ ತಟ್ಟಿತು ಅನ್ನಬೇಕಂತೆ. ಸ್ಫೋಟ ಅಂದರೆ ಕೇಳುವವರು ಹೆಣ ಎಣಿಸಲು ಶುರುಮಾಡುತ್ತಾರೆ, ಚಪ್ಪಾಳೆ ಅಂದರೆ ಯಾರೂ ಏನನ್ನೂ ಎಣಿಸುವುದಿಲ್ಲ. ಗಣಿಯ ಕ್ಯಾಂಟೀನಿನಲ್ಲಿ ನಮ್ಮನ್ನು ಬೆಂಚುಗಳ ಮೇಲೆ ಕೂರಿಸಿ, ಕೈಗೊಂದು ಬಟ್ಟಲು ಚಹಾ ಕೊಟ್ಟು, ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುವ ಹಾಗೆ ಅವನು ಅದನ್ನು ಎಲ್ಲರ ಬಾಯಲ್ಲೂ ಹೇಳಿಸಿದ. ಹೊರಗೆ ಬೆಟ್ಟದ ಹೊಟ್ಟೆಯಿಂದ ಹಳದಿ ಹೊಗೆ ಏಳುತ್ತಿತ್ತು. ಚಪ್ಪಾಳೆ ತಟ್ಟಿದ ಕೈ ಇನ್ನೂ ಉರಿಯುತ್ತಿತ್ತು ಅನ್ನಿ.

ಎರಡನೆಯ ಪಾಠ ಹೀಗಿತ್ತು: "ಕೇಳಿದ್ದಕ್ಕೆಲ್ಲ ಉತ್ತರ ಕೊಡೋಕೆ ಹೋಗ್ಬೇಡಿ. ಒಂದೇ ಒಂದು ಮಾತು ಇಟ್ಕೊಳ್ಳಿ. ಹವಾ ಹೆಂಗಿದೆ ಅಂದ್ರೂ ಅದನ್ನೇ ಹೇಳಿ, ನಿಮ್ಮಜ್ಜಿ ಹೆಂಗಿದಾರೆ ಅಂದ್ರೂ ಅದನ್ನೇ ಹೇಳಿ. ಕೊನೆಗೆ ಬರ್ಕೊಳ್ಳೋದು ಅದನ್ನೇ."

ಆ ಒಂದು ಮಾತನ್ನೂ ಅವನೇ ಆರಿಸಿದ್ದ. ನಮ್ಮ ಕಾರ್ಮಿಕರೆಲ್ಲರೂ ಹೊರಗೆ ಬಂದಿದ್ದಾರೆ.

ಆ ಮಾತು ಸುಳ್ಳಲ್ಲ, ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ಅದರ ವಿಷವೆಲ್ಲ 'ನಮ್ಮ' ಎಂಬಲ್ಲಿದೆ. ನನ್ನ ಅಣ್ಣ ಬೊಲೊತ್ ಅವರವನಲ್ಲ. ಅವನ ಕೊರಳಲ್ಲಿ ಕಂಪನಿಯ ಬಿಲ್ಲೆ ಇಲ್ಲ. ಬೆಟ್ಟದ ಪಕ್ಕದ ಇಳಿಜಾರಿನ ಹಳೆಯ ಗಾಳಿಕಿಂಡಿಯಲ್ಲಿ ನುಸುಳಿ, ಮೇಸ್ತ್ರಿ ತೋರಿಸಿದ ಕಡೆ ಕಲ್ಲಿದ್ದಲು ಕಡಿದು, ಬಿಲ್ಲೆ ಇದ್ದವರ ತೊಟ್ಟಿಗೆ ತುಂಬಿ, ಮತ್ತೆ ಅದೇ ಕಿಂಡಿಯಲ್ಲಿ ಹೊರಗೆ ಬರುವವನು. ನಮ್ಮ ಕರಾದೊಬೊದಲ್ಲಿ ಅರ್ಧ ಊರು ಬದುಕುವುದು ಹೀಗೆಯೇ. ಇದು ಗೊತ್ತಿಲ್ಲದವರು ಯಾರೂ ಇಲ್ಲ, ಕಣ್ಣಾರೆ ಕಂಡೆ ಅನ್ನುವವರೂ ಯಾರೂ ಇಲ್ಲ. ಬೆಳಗಿನ ಪಾಳಿಗೆ ಅವನು ಒಳಗೆ ಹೋದ. ಸೂರ್ಯ ಬೆಟ್ಟ ಹತ್ತುವ ಮೊದಲೇ ಚಪ್ಪಾಳೆ ಬಿತ್ತು. ಬಿಲ್ಲೆ ಇದ್ದವರು ಗಣಿಯ ಮುಖ್ಯ ಬಾಯಿಯಿಂದ ಕೆಮ್ಮುತ್ತ ಹೊರಗೆ ಬಿದ್ದರು. ಅಣ್ಣ ಬರಲಿಲ್ಲ.

ಆದರೆ ಅವನು ಬದುಕಿದ್ದ. ಹಳೆಯ ಗಾಳಿಕಿಂಡಿಯ ಪಕ್ಕ ಒಂದು ಕಬ್ಬಿಣದ ಕೊಳವೆ ನೆಲದಿಂದ ಮೇಲೆದ್ದು ನಿಂತಿದೆ. ನಾನು ಅದಕ್ಕೆ ಕಿವಿ ಒತ್ತಿದ್ದೆ. ಮೂರು ಬಡಿತ, ಸ್ವಲ್ಪ ಬಿಡುವು, ಮತ್ತೆ ಮೂರು. ಕಲ್ಲಿನಿಂದ ಕಬ್ಬಿಣಕ್ಕೆ ಬಡಿಯುವ ಸದ್ದು. ನಾನು ತಿರುಗಿ ಬಡಿದೆ. ಉತ್ತರ ಬಂತು. ಓಡಿ ಬಂದು ಹೇಳಿದಾಗ ಜೊಲ್ದೋಶ್ ತಲೆಯಾಡಿಸಿ, ಕಾದ ಕಬ್ಬಿಣ ಆರುವಾಗ ಹಾಗೇ ಬಡಿಯುತ್ತದೆ ಅಂದ. ಅದಕ್ಕೂ ಅವನ ಹತ್ತಿರ ಒಂದು ಮಾತು ಸಿದ್ಧವಾಗಿತ್ತು.

ಈ ಜೊಲ್ದೋಶ್ ಕಂಪನಿಯ ಪರವಾಗಿ ಪತ್ರಿಕೆಯವರನ್ನು ನೋಡಿಕೊಳ್ಳುವ ಸಾಹೇಬ. ಸಾಹೇಬನಾಗುವ ಮೊದಲು ಮದುವೆ ಮನೆಗಳಲ್ಲಿ ಮೈಕು ಹಿಡಿದು ನೆಂಟರನ್ನು ನಗಿಸುತ್ತಿದ್ದ. ಯಾವ ಮುದುಕನಿಗೆ ಮೊದಲು ಮಾತು ಕೊಡಬೇಕು, ಕುಡಿದ ಚಿಕ್ಕಪ್ಪನ ಕೈಯಿಂದ ಮೈಕು ಹೇಗೆ ಕಿತ್ತುಕೊಳ್ಳಬೇಕು, ಎಲ್ಲಿ ಅಳಿಸಬೇಕು, ಎಲ್ಲ ಬಲ್ಲವನು. ನಮ್ಮ ಅಣ್ಣನ ಮದುವೆಯ ಮೈಕೂ ಅವನದೇ. ಬುರುಲ್ ಅತ್ತಿಗೆಯ ಮುಸುಕು ತೆಗೆದಾಗ, ಗಂಡನ ಮನೆಯವರನ್ನು ಯಾವ ಹೆಸರಲ್ಲಿ ಕರೀತೀಯಮ್ಮಾ ಎಂದು ಅವಳ ಬಾಯಿಗೆ ಮೈಕು ಹಿಡಿದವನೂ ಅವನೇ.

ನಮ್ಮಲ್ಲಿ ಸೊಸೆ ಗಂಡನ ಮನೆಯವರ ಹೆಸರು ಹೇಳುವುದಿಲ್ಲ. ಗಂಡನದಂತೂ ಇಲ್ಲವೇ ಇಲ್ಲ. ಹೆಸರಿಗೆ ಅರ್ಥವಿದ್ದರೆ ಆ ಅರ್ಥವನ್ನೂ ನಾಲಗೆಗೆ ತರುವುದಿಲ್ಲ. ಬೊಲೊತ್ ಅಂದರೆ ಉಕ್ಕು. ಹಾಗಾಗಿ ಅತ್ತಿಗೆಗೆ ಉಕ್ಕು ಅನ್ನುವ ಪದವೇ ಇಲ್ಲ. ಅಡುಗೆಮನೆಯಲ್ಲಿ ಗಟ್ಟಿ ಬಕೆಟ್ಟು ಕೊಡು, ಗಟ್ಟಿ ಚೂರಿ ಎಲ್ಲಿ ಅನ್ನುತ್ತಾಳೆ. ಅಣ್ಣ ಹಿಂದಿನಿಂದ ಬಂದು, ಯಾವ ಗಟ್ಟಿ ಬೇಕಿತ್ತು, ಇಲ್ಲೇ ನಿಂತಿದೀನಲ್ಲ ಎಂದು ಛೇಡಿಸುತ್ತಿದ್ದ. ಅವನು ಅವಳಿಗೆ 'ನಮ್ಮ ಗಟ್ಟಿ'. ಸಿಕ್ಕಿದ್ದನ್ನೆಲ್ಲ ಒದೆಯುತ್ತೇನೆಂದು ನನ್ನನ್ನು 'ಕುದುರೆಮರಿ' ಎಂದು ಕರೆಯುತ್ತಾಳೆ. ಆ ದಿನ ಮೈಕಿನಲ್ಲಿ ಅವಳು ನಾಚಿಕೊಂಡು ಈ ಹೆಸರುಗಳನ್ನು ಹೇಳಿದಾಗ ಜೊಲ್ದೋಶ್, ನಮ್ಮ ಗಟ್ಟಿಗೆ ಜೋರಾಗಿ ಒಂದು ಚಪ್ಪಾಳೆ ಎಂದು ಇಡೀ ಊರಿನ ಕೈಯಲ್ಲಿ ತಟ್ಟಿಸಿದ್ದ.

ರಾಜಧಾನಿಯಿಂದ ಟಿವಿಯವರು ಬರುವ ಹೊತ್ತಿಗೆ ಅವನು ಕುರಿ ಕಡಿಸಿ ಕಾಯುತ್ತಿದ್ದ. ಹಿರಿಯ ವರದಿಗಾರನ ಮುಂದೆ ಬೇಯಿಸಿದ ತಲೆಯನ್ನೇ ಇಟ್ಟ. ಕುರಿಯ ತಲೆ ಇಡುವುದು ದೊಡ್ಡ ಅತಿಥಿಗೆ. ಅದನ್ನು ಸ್ವೀಕರಿಸಿ, ಕಿವಿ ಕೊಯ್ದು ಸುತ್ತಲಿನವರಿಗೆ ಹಂಚಿದ ಮೇಲೆ, ಆ ಮನೆಯವರನ್ನು ಒಳಗಿರುವುದು ಯಾರು ಎಂದು ಯಾವ ಬಾಯಲ್ಲಿ ಕೇಳುತ್ತಾನೆ? ಬೆಟ್ಟ ಉರಿಯುತ್ತಿತ್ತು, ಇವರು ಬೆರಳು ನೆಕ್ಕುತ್ತಿದ್ದರು.

ಅವರು ಉಣ್ಣುತ್ತಿದ್ದಾಗ ಜೊಲ್ದೋಶ್ ನಮ್ಮಪ್ಪನ ಹೆಗಲ ಮೇಲೆ ಕೈ ಹಾಕಿ ಗೋಡೆಯ ಆಚೆ ಕರೆದುಕೊಂಡು ಹೋದ. ಅಪ್ಪ ಮುಕಾಶ್, ಮೂವತ್ತು ವರ್ಷ ಇದೇ ಬೆಟ್ಟದೊಳಗೆ ಎದೆ ಸವೆಸಿದವನು. ಹಿಂದಕ್ಕೆ ಬಂದಾಗ ಮುಖ ಬೂದಿಯಾಗಿತ್ತು. ಜೊಲ್ದೋಶ್ ಅವನಿಗೆ ಹೇಳಿದ್ದು ಇಷ್ಟೆ: ಬಿಲ್ಲೆ ಇಲ್ಲದೆ ಒಳಗೆ ಹೋದವನೇ ಬೆಂಕಿ ಹಚ್ಚಿದವನು ಎಂದಾಗುತ್ತದೆ. ಹೆಸರು ಹೊರಗೆ ಬಂದ ದಿನವೇ ಮೊಕದ್ದಮೆ. ಮಗ ಸತ್ತಿದ್ದರೆ ಕೊಲೆಗಾರ ಎನಿಸಿಕೊಂಡು ಮಣ್ಣಾಗುತ್ತಾನೆ, ಬದುಕಿದ್ದರೆ ಜೈಲಿನಲ್ಲಿ ಮುದುಕನಾಗುತ್ತಾನೆ. ಒಂದು ಕೊಳವೆಯ ಸದ್ದಿಗಾಗಿ ಮಗನ ಹೆಸರನ್ನು ಬೆಂಕಿಗೆ ಹಾಕುತ್ತೀಯಾ, ಮಾಮ? ಅಪ್ಪ ಬೆಂಚಿನ ಮೇಲೆ ಕೂತು, ಯಾರೂ ಕೇಳದೆಯೇ, ಬೊಲೊತ್ ಹೋದ ವಾರ ರಷ್ಯಾಕ್ಕೆ ಕೆಲಸಕ್ಕೆ ಹೋದ ಅಂದ. ನೆಲ ನೋಡಿಕೊಂಡು ಅಂದ.

ಪತ್ರಿಕಾಗೋಷ್ಠಿಯನ್ನು ಗಣಿಯ ಗೇಟಿನ ಮುಂದೆಯೇ ಇಟ್ಟಿದ್ದರು. ಮೇಜು, ಅದರ ಮೇಲೆ ಹೂವಿನ ಹೊದಿಕೆ, ನೀರಿನ ಬಾಟಲಿಗಳು. ನಾನು ಜನರನ್ನು ನೂಕಿಕೊಂಡು ಮುಂದೆ ಹೋದೆ. ತಡೆಯುತ್ತಾರೆ ಎಂದುಕೊಂಡಿದ್ದೆ, ಯಾರೂ ತಡೆಯಲಿಲ್ಲ. ಜೊಲ್ದೋಶ್ ಎದ್ದು, ಬಾ ತಮ್ಮಾ ಎಂದು ಜಾಗ ಬಿಟ್ಟ. ಮೈಕು ನನ್ನ ಕಡೆ ತಿರುಗಿಸುವ ನೆಪದಲ್ಲಿ ಬಗ್ಗಿ, ಮುಖದ ನಗು ಕೆಡದಂತೆ, ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ನಿಮ್ಮಣ್ಣ ಸಿಗರೇಟಿಲ್ದೆ ಒಂದ್ ಗಳಿಗೆ ಇರ್ತಿರ್ಲಿಲ್ಲ, ಅಲ್ವಾ? ನಾಳೆಯಿಂದ ನಿಮ್ಮಪ್ಪ ಬೆಟ್ಟ ಸುಟ್ಟೋನ ಅಪ್ಪ. ಹೇಳು ಮರಿ, ಹೆಸರು ಹೇಳು."

ನಾನು ಹೊಡೆದೆ. ಒಂದಲ್ಲ, ಸಿಕ್ಕಷ್ಟು. ಅವನು ಕೈ ಅಡ್ಡ ಹಿಡಿಯಲಿಲ್ಲ. ಈಗ ಯೋಚಿಸಿದರೆ ಅವನು ಗಲ್ಲವನ್ನು ಕ್ಯಾಮೆರಾಗಳ ಕಡೆ ತಿರುಗಿಸಿಕೊಂಡೇ ನಿಂತಿದ್ದ. ನನ್ನ ಬಾಯಿಂದ ಬೊಲೊತ್ ಎಂಬ ಹೆಸರು ಬಂದದ್ದು ನಿಜ, ಅದರ ಹಿಂದೆ ಮುಂದೆ ಎಷ್ಟು ಬೈಗುಳ ಇದ್ದವು ಅಂದರೆ ಟಿವಿಯವರು ಸದ್ದನ್ನೇ ಕತ್ತರಿಸಿದರು. ಪೊಲೀಸರು ನನ್ನನ್ನು ನೆಲಕ್ಕೆ ಕೆಡವುವಾಗ ಅವನ ಮಾತು ಮೇಲಿನಿಂದ ಕೇಳಿಸುತ್ತಿತ್ತು. ತುಟಿಯ ರಕ್ತವನ್ನು ಬಿಳಿ ಕರವಸ್ತ್ರದಲ್ಲಿ ಒತ್ತಿಕೊಂಡು, ಇದು ದುಃಖ, ಈ ಹುಡುಗನ ಮೇಲೆ ದಯವಿಟ್ಟು ಯಾರೂ ಕೋಪ ಮಾಡಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತಿದ್ದ. ಎಂಥ ದೊಡ್ಡ ಮನಸ್ಸು ನೋಡಿ, ನಾಯಿಯದು.

ಅಷ್ಟರಲ್ಲಿ ರಕ್ಷಣಾ ದಳದ ಮುಖ್ಯಸ್ಥ ಬಂದ. ರಾಜಧಾನಿಯವನು, ರಷ್ಯನ್ ಬಿಟ್ಟು ಇನ್ನೊಂದು ಮಾತು ಬಾರದು. ಕೆಟ್ಟವನಲ್ಲ, ಅವಸರದವನು. ಕೆಳಗೆ ಕಲ್ಲಿದ್ದಲಿನ ಪದರಕ್ಕೇ ಬೆಂಕಿ ಬಿದ್ದಿದೆ, ಇನ್ನು ತಡಮಾಡಿದರೆ ಊರಿನ ಅಡಿಯವರೆಗೂ ಹಬ್ಬುತ್ತದೆ, ಎಲ್ಲ ಬಾಯಿಗಳಿಗೂ ಸಿಮೆಂಟಿನ ರಾಡಿ ಸುರಿದು ಗಾಳಿ ಕಟ್ಟಬೇಕು ಅಂದ. ಒಳಗೆ ಮನುಷ್ಯನಿದ್ದರೆ ಮುಚ್ಚುವಂತಿಲ್ಲ. ಆದರೆ ಕೊಳವೆಯ ಸದ್ದು ಮನುಷ್ಯನಲ್ಲ, ಮನುಷ್ಯನಿಗೆ ಹೆಸರಿರಬೇಕು. ನಾನು ನೆಲದಿಂದಲೇ ಹೆಸರು ಕೂಗಿದೆ. ಅವನು ಅಪ್ಪನ ಕಡೆ ನೋಡಿದ. ಅಪ್ಪ ರಷ್ಯಾ ಅಂದ. ಮುಖ್ಯಸ್ಥ ಗಡಿಯಾರ ನೋಡಿಕೊಂಡ. ತಂದೆ ಒಂದು ಹೇಳುತ್ತಾನೆ, ಹೊಡೆದಾಡುವ ತಮ್ಮ ಒಂದು ಹೇಳುತ್ತಾನೆ, ಹೆಂಡತಿಯನ್ನು ಕರೆಯಿರಿ, ಅವಳು ಹೆಸರು ಹಿಡಿದು ಹೇಳಿದರೆ ನಾನು ಮುಚ್ಚುವುದಿಲ್ಲ ಅಂದ.

ಜೊಲ್ದೋಶ್ ತಡಮಾಡಲೇ ಇಲ್ಲ. ಖಂಡಿತ, ಕ್ಯಾಮೆರಾಗಳ ಮುಂದೆಯೇ ಹೇಳಲಿ, ಮುಚ್ಚುಮರೆ ಯಾಕೆ ಅಂದ. ಅವನೇ ಹೋಗಿ ಮೇಜಿನ ಹಿಂದೆ ಎರಡು ಕುರ್ಚಿ ಹಾಕಿದ. ಒಂದರಲ್ಲಿ ಅಪ್ಪನನ್ನು ಕೂರಿಸಿದ. ಅದರ ಪಕ್ಕದ್ದು ಅತ್ತಿಗೆಗೆ.

ನಾನು ಆ ಕುರ್ಚಿಗಳನ್ನು ಪೊಲೀಸ್ ಕಾರಿನ ಹಿಂದಿನ ಸೀಟಿನಿಂದ ನೋಡಿದೆ. ಕೈಗೆ ಕೋಳ ಹಾಕಿದ್ದರು. ಮುಂದೆ ಕೂತಿದ್ದ ಪೇದೆ ತಾಲಾಯ್ ನಮ್ಮ ಬೀದಿಯವನೇ, ಅಣ್ಣನ ಜೊತೆ ಕುರಿ ಕಾದವನು. ಸೂರ್ಯಕಾಂತಿ ಬೀಜ ಬಿಡಿಸಿಕೊಂಡು, ಮೊಬೈಲಿನಲ್ಲಿ ಅದೇ ನೇರಪ್ರಸಾರ ಹಾಕಿಕೊಂಡಿದ್ದ. ಗಾಜಿನ ಆಚೆ ಅತ್ತಿಗೆ ತಲೆವಸ್ತ್ರ ಸರಿಮಾಡಿಕೊಂಡು ಬಂದು ಕೂತಳು. ಕ್ಷಣ ಬಿಟ್ಟು ಅವನ ಅಂಗೈಯಲ್ಲಿ ಇನ್ನೊಂದು ಸಣ್ಣ ಅತ್ತಿಗೆ ಬಂದು ಕೂತಳು.

ನನಗೆ ಆಗಲೇ ಜೊಲ್ದೋಶನ ಆಟ ಹೊಳೆಯಿತು. ಮಾವ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದಾನೆ. ಮಾವನ ಎದುರು ನಮ್ಮ ಸೊಸೆಯರು ಹೆಸರು ಹಾಗಿರಲಿ, ನನ್ನ ಗಂಡ ಎಂದೂ ಬಾಯಿ ಬಿಡುವುದಿಲ್ಲ. ಮದುವೆ ಮನೆಗಳನ್ನೇ ಉಂಡು ಬೆಳೆದ ಆ ಹಂದಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಕುರಿಯ ತಲೆ ತಿಂದಿದ್ದ ವರದಿಗಾರ ಕೇಳಿದ ಪ್ರಶ್ನೆಯೂ ಜೊಲ್ದೋಶನದೇ ಇರಬೇಕು. ನಿಮ್ಮದು ಏನಾದರೂ ಒಳಗೆ ಉಳಿದಿದೆಯೇ? ಯಾರಾದರೂ ಅಲ್ಲ, ಏನಾದರೂ.

ಅತ್ತಿಗೆ ಒಂದು ಸಲ ಮಾವನ ಮಂಡಿಯನ್ನು ನೋಡಿದಳು. ಆಮೇಲೆ ನೇರ ಕ್ಯಾಮೆರಾಕ್ಕೆ, ಧೈರ್ಯವಾಗಿ, ಅವಳಿಗೆ ತಿಳಿದ ಮಟ್ಟಿಗೆ ಪೂರ್ತಿ ಸತ್ಯವನ್ನೇ ಹೇಳಿದಳು.

"ನಮ್ಮ ಗಟ್ಟಿ ಒಳಗಿದೆ. ಉಸಿರಾಡ್ತಿದೆ. ಹೊರಗೆ ತೆಗೀರಿ."

ನಮ್ಮ ಮಾತಿನಲ್ಲಿ ಅವನು, ಅವಳು, ಅದು ಎಂಬ ಮೂರಕ್ಕೂ ಒಂದೇ ಪದ. ಊರಿನವರಿಗೆ ಅವಳು ಅಂದದ್ದೇ ಸಾಕಾಯಿತು. ಗೇಟಿನ ಹತ್ತಿರ ನಿಂತಿದ್ದ ಹೆಂಗಸರೆಲ್ಲ ಅಳಲು ಶುರುಮಾಡಿದರು. ಮುಖ್ಯಸ್ಥ ಮಾತ್ರ ಜೊಲ್ದೋಶನ ಕಡೆ ತಿರುಗಿ, ಏನಂದಳು ಎಂದು ಕೇಳಿದ. ಜೊಲ್ದೋಶ್ ರಷ್ಯನ್ನಿನಲ್ಲಿ ಹೇಳಿದ. ಮುಖ್ಯಸ್ಥ ಹುಬ್ಬು ಗಂಟಿಕ್ಕಿ, ಮತ್ತೆ ಗಡಿಯಾರ ನೋಡಿ, ಕೈಯೆತ್ತಿ ರಾಡಿಯ ಪಂಪಿನವರಿಗೆ ಸನ್ನೆ ಮಾಡಿದ. ಜೊಲ್ದೋಶ್ ಅತ್ತಿಗೆಯ ಮುಂದಿನಿಂದ ಮೈಕು ಎತ್ತಿಕೊಂಡು, ಧನ್ಯವಾದ ತಂಗೀ ಅಂದ.

ತಾಲಾಯನ ಅಂಗೈಯಲ್ಲಿ ಅತ್ತಿಗೆಯ ಮುಖದ ಕೆಳಗೆ, ಜೊಲ್ದೋಶ್ ತಿರುಗಿಸಿ ಹೇಳಿದ್ದೇ ರಷ್ಯನ್ ಅಕ್ಷರವಾಗಿ ಓಡಿತು. ಅವನು ಗಟ್ಟಿಯಾಗಿ ಓದಿದ: ನಮ್ಮ ಉಕ್ಕಿನ ಸಾಮಾನು ಒಳಗೆ ಉಳಿದಿದೆ, ಇನ್ನೂ ಕೆಲಸ ಮಾಡುತ್ತಿದೆ, ದಯವಿಟ್ಟು ಹೊರಗೆ ತೆಗೆಸಿಕೊಡಿ. ಓದಿ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಬಾಯಲ್ಲಿದ್ದ ಬೀಜವನ್ನು ಕೈಗೆ ಉಗಿದುಕೊಂಡ.

ಗಟ್ಟಿ ಅಂದರೆ ಉಕ್ಕು ಎಂದು ತಿಳಿದವನೇ ಇದನ್ನು ತಿರುಗಿಸಿದ್ದು. ಅರ್ಥ ಬಾರದೆ ತಪ್ಪಿದ್ದಲ್ಲ. ಅರ್ಥದ ಬಾಗಿಲವರೆಗೂ ಹೋಗಿ, ಒಳಗಿರುವವನನ್ನು ಕಣ್ಣಾರೆ ನೋಡಿ, ಹೊರಗಿನಿಂದ ಅಗುಳಿ ಹಾಕಿಕೊಂಡು ಬಂದಿದ್ದ.

ಅತ್ತಿಗೆಗೆ ಅದು ಗೊತ್ತಿಲ್ಲ. ಅವಳು ಎದ್ದು ಅಪ್ಪನಿಗೆ ಕೈ ಕೊಟ್ಟು ಎಬ್ಬಿಸಿದಳು. ಕೆಲಸ ಆಯಿತು, ಹೇಳಬೇಕಾದ್ದು ಹೇಳಿದೆ ಎಂಬ ನಿರಾಳ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ಆ ಕಡೆ ಇಳಿಜಾರಿನಲ್ಲಿ ಪಂಪಿನ ಲಾರಿ ಹಳೆಯ ಗಾಳಿಕಿಂಡಿಯ ಹತ್ತಿರ ಹಿಂದೆ ಹಿಂದೆ ಸರಿಯುತ್ತಿತ್ತು. ದಪ್ಪ ಕೊಳವೆಯನ್ನು ಇಬ್ಬರು ಹೆಗಲ ಮೇಲೆ ಹೊತ್ತಿದ್ದರು.

ಫೋನು ಕೊಡು ಎಂದು ತಾಲಾಯನನ್ನು ಬೇಡಿದೆ. ನಾನು ಯಾರನ್ನೂ ಬೇಡಿದವನಲ್ಲ, ಅವನಿಗೂ ಗೊತ್ತು. ಅವನು ನನ್ನ ಮುಖ ನೋಡಲಿಲ್ಲ.

"ಉಚ್ಚೆ ಬಂದಿದೆ," ಎಂದು ಯಾರಿಗೋ ಹೇಳುವ ಹಾಗೆ ಹೇಳಿ, ಫೋನನ್ನು ನನ್ನ ತೊಡೆಯ ಮೇಲೆ ಬೀಳಿಸಿ ಇಳಿದು ಹೋದ.

ಕೋಳದ ಕೈಯಲ್ಲೇ ಬೆರಳು ಒತ್ತಿ ಪಕ್ಕದ ಮನೆಯ ಬಾತ್ಮಾ ಅಜ್ಜಿಗೆ ಫೋನು ಮಾಡಿದೆ. ಅವಳು ಗೇಟಿನ ಹತ್ತಿರವೇ ನಿಂತಿದ್ದಳು. ಅಕ್ಷರ ಓಡಿದ್ದನ್ನು ಹೇಳಿದೆ. ಅಜ್ಜಿ ಒಂದೂ ಪ್ರಶ್ನೆ ಕೇಳಲಿಲ್ಲ. ಗುಂಪಿನ ನಡುವೆ ಅವಳ ಕೆಂಪು ತಲೆವಸ್ತ್ರ ನುಗ್ಗಿ ಬರುವುದು ಗಾಜಿನಲ್ಲಿ ಕಂಡಿತು. ಫೋನು ಅವಳ ಕೈಯಲ್ಲಿ ಹಾಗೇ ತೆರೆದಿತ್ತು. ಹಾಗಾಗಿ ಅವಳು ಅತ್ತಿಗೆಯ ತೋಳು ಹಿಡಿದು ಹೇಳಿದ್ದು ನನಗೂ ಕೇಳಿಸಿತು.

"ಬುರುಲ್, ನಿನ್ನ ಗಂಡನ್ನ ಸುತ್ತಿಗೆ ಮಾಡಿಟ್ರು ಕಣೇ. ಗಟ್ಟಿ ಅಂದ್ಯಲ್ಲ, ಸಾಮಾನು ಅಂದ್ಕೊಂಡ್ರು ಅವ್ರು. ಅಗೋ ಮುಚ್ತಾ ಇದಾರೆ. ಹೆಸರು ಹೇಳೇ. ಪಾಪ ಬಂದ್ರೆ ನನ್ನ ಮೇಲಿರ್ಲಿ, ನಾನು ಹೆಂಗೂ ಸಾಯೋಳು."

ಅತ್ತಿಗೆ ತಿರುಗಿ ಲಾರಿಯನ್ನು ನೋಡಿದಳು. ಆಮೇಲೆ ಅಪ್ಪನನ್ನು. ಅವನು ಬಿಳಿ ಉಣ್ಣೆಯ ಟೋಪಿಯನ್ನು ತೆಗೆದು ಎರಡು ಕೈಯಲ್ಲಿ ಹಿಂಡುತ್ತಿದ್ದ. ಮೇಜಿನ ಹತ್ತಿರ ಜೊಲ್ದೋಶ್ ಮುಕ್ತಾಯದ ಮಾತು ಶುರುಮಾಡಿದ್ದ. ಅವಳು ನಡೆದುಕೊಂಡೇ ಹೋದಳು. ಮೇಜಿನ ಮೇಲಿನ ಅವನ ಕೈಯ ಪಕ್ಕದಲ್ಲಿ ತನ್ನ ಎರಡೂ ಅಂಗೈ ಊರಿ ಮೈಕಿಗೆ ಬಗ್ಗಿದಳು.

"ಬೊಲೊತ್," ಅಂದಳು.

ಎಷ್ಟು ಮೆಲ್ಲಗೆ ಅಂದರೆ, ಆ ಪದ ಅವಳ ಬಾಯಿಗೆ ಹೊಸದು ಎಂದು ಅದರ ಸದ್ದಿನಿಂದಲೇ ತಿಳಿಯುತ್ತಿತ್ತು. ಆಗ ಅಪ್ಪ ಹಿಂದಿನಿಂದ ಬಂದು, ಅವಳ ಮುಖ ನೋಡದೆ, ಬೇರೆ ಕಡೆ ತಿರುಗಿ ನಿಂತುಕೊಂಡು ಮಾತಾಡಿದ.

"ಗಟ್ಟಿಯಾಗಿ ಹೇಳು ಮಗಳೇ. ಅವರಿಗೆ ಕೇಳಿಸ್ಲಿಲ್ಲ."

ಅವಳು ಹೇಳಿದಳು. ನಮ್ಮ ಮಾತಿನಲ್ಲೂ ಹೇಳಿದಳು, ಗೊತ್ತಿದ್ದ ಮುರುಕು ರಷ್ಯನ್ನಿನಲ್ಲೂ ಹೇಳಿದಳು: ಬೊಲೊತ್, ಮುಕಾಶನ ಮಗ, ನನ್ನ ಗಂಡ, ಒಳಗಿದ್ದಾನೆ. ಮುಖ್ಯಸ್ಥನ ಕೈ ಮೇಲೆ ಹೋಯಿತು. ಇಳಿಜಾರಿನಲ್ಲಿ ಪಂಪು ನಿಂತಿತು. ಅಷ್ಟರಲ್ಲೇ ಸುರಿದಿದ್ದ ರಾಡಿ ಕಿಂಡಿಯ ಅಂಚಿನಿಂದ ನಾಲಗೆಯಂತೆ ಕೆಳಗೆ ಇಳಿಯುತ್ತಿತ್ತು.

ಕಾರಿನಲ್ಲಿ ನಾನು ಅಳುತ್ತಿದ್ದೆ. ಗೆದ್ದೆವು ಎಂದುಕೊಂಡೆ. ಜೊಲ್ದೋಶನ ಮುಖ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಖಾಲಿಯಾಗಿತ್ತು, ಅಷ್ಟೆ. ಮದುವೆಯಲ್ಲಿ ಕುಡಿದವನು ಕೆಟ್ಟ ಮಾತಾಡಿದಾಗ ಹೀಗೇ ಆಗುತ್ತಿತ್ತು ಅವನ ಮುಖ, ಮರುಗಳಿಗೆ ಅದರಿಂದಲೇ ಒಂದು ನಗೆ ಹುಟ್ಟಿಸುತ್ತಿದ್ದ. ಅವನು ಎದೆಯ ಮೇಲೆ ಕೈಯಿಟ್ಟು ಅತ್ತಿಗೆಗೆ ತಲೆಬಾಗಿದ.

"ತುಂಬಾ ಉಪಕಾರ ಆಯ್ತು ತಂಗಿ. ಚಪ್ಪಾಳೆ ಬಿದ್ದಾಗ ಬಿಲ್ಲೆ ಇಲ್ದೆ ಒಳಗಿದ್ದೋರು ಯಾರು ಅಂತ ಬೆಳಗಿಂದ ಹುಡುಕ್ತಿದ್ವಿ. ಈಗ ದೇಶಕ್ಕೆಲ್ಲ ಗೊತ್ತಾಯ್ತು."

ಕ್ಯಾಮೆರಾಗಳೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದವು. ಕುರಿ ತಿಂದವರಿಗೆ ಈಗ ಹಸಿವು ಹುಟ್ಟಿತ್ತು. ನಿಮ್ಮ ಗಂಡ ಸಿಗರೇಟು ಸೇದುತ್ತಾರಾ? ಬೆಂಕಿಪೊಟ್ಟಣ ಒಯ್ದಿದ್ದರಾ? ಯಾರು ಒಳಗೆ ಬಿಟ್ಟರು? ಕಲ್ಲಿದ್ದಲು ಕದಿಯುತ್ತಿದ್ದರು ಅನ್ನುವುದು ನಿಜವಾ?

ಅತ್ತಿಗೆ ಬೆಳಿಗ್ಗೆ ಕ್ಯಾಂಟೀನಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಹಲ್ಲು ಕಡಿಯುತ್ತಿದ್ದಾಗ ಅವಳು ಪಾಠ ಕೇಳಿಸಿಕೊಂಡಿದ್ದಳು.

"ಬೊಲೊತ್ ಒಳಗಿದಾನೆ," ಅಂದಳು. "ಹೊರಗೆ ತೆಗೀರಿ."

ಸಿಗರೇಟಿಗೂ ಅದೇ ಉತ್ತರ. ಬೆಂಕಿಪೊಟ್ಟಣಕ್ಕೂ ಅದೇ. ಮೇಸ್ತ್ರಿಯ ಹೆಸರು ಕೇಳಿದ್ದಕ್ಕೂ ಅದೇ. ಒಬ್ಬ ವರದಿಗಾರ್ತಿ ಮೆತ್ತಗೆ, ನಿಮಗೆ ಹೇಗನ್ನಿಸುತ್ತಿದೆ ಎಂದು ಕೇಳಿದಳು. ಬೊಲೊತ್ ಒಳಗಿದಾನೆ, ಹೊರಗೆ ತೆಗೀರಿ. ಮದುವೆಯಾದಂದಿನಿಂದ ಹೇಳದೆ ಉಳಿಸಿಕೊಂಡಿದ್ದ ಹೆಸರನ್ನೆಲ್ಲ ಒಂದೇ ಸಂಜೆ ಸುರಿಯುತ್ತಿದ್ದಳು. ಜೊಲ್ದೋಶ್ ಮೈಕಿಗೆ ಕೈ ಚಾಚಿದ. ಅಪ್ಪ ಅವನ ಮಣಿಕಟ್ಟು ಹಿಡಿದುಕೊಂಡ. ಹೊಡೆಯಲಿಲ್ಲ, ಹಿಡಿದುಕೊಂಡ ಅಷ್ಟೆ, ಗಣಿಯ ಕೈಯಲ್ಲಿ.

ರಕ್ಷಣಾ ದಳದವರು ಮುಖವಾಡ ಕಟ್ಟಿಕೊಂಡು ಹಳೆಯ ಕಿಂಡಿಯಲ್ಲಿ ಇಳಿದರು. ಬೆಟ್ಟದ ನೆರಳು ಊರಿನ ಮೇಲೆ ಬೀಳುತ್ತಿತ್ತು. ಯಾರೋ ಕೊಳವೆಗೆ ಕಿವಿಯಿಟ್ಟು, ಇನ್ನೂ ಬಡಿಯುತ್ತಿದೆ ಎಂದು ಕೂಗಿದರು. ಆಮೇಲೆ, ಬಡಿತದ ನಡುವಿನ ಬಿಡುವು ಉದ್ದವಾಗಿದೆ ಅಂದರು. ಆಂಬುಲೆನ್ಸ್ ಬಂದು ಕಿಂಡಿಯ ಹತ್ತಿರ ನಿಂತು ಹಿಂದಿನ ಬಾಗಿಲು ತೆಗೆಯಿತು.

ತಾಲಾಯ್ ವಾಪಸು ಬಂದು ಸೀಟಿನಲ್ಲಿ ಕೂರುವಷ್ಟರಲ್ಲಿ ಅವನ ವಯರ್‌ಲೆಸ್ ಗೊರಗುಟ್ಟಿತು. ಅವನು ಕೇಳಿಸಿಕೊಂಡ. ಆಯ್ತು ಸಾರ್ ಅಂದ. ಆಮೇಲೆ ಇಳಿದು, ನನ್ನ ಕಡೆಯ ಬಾಗಿಲು ತೆಗೆದು, ಬೀಗದ ಕೈ ಹಾಕಿ ನನ್ನ ಕೋಳ ಬಿಚ್ಚಿದ.

"ಇಳಿ, ಎಲಮಾನ್."

ಬಿಟ್ಟುಬಿಟ್ರಾ ಎಂದು ಕೇಳಿದೆ.

"ಗಾಡೀನ ಕಿಂಡಿ ಹತ್ರ ನಿಲ್ಸು ಅಂದಿದಾರೆ," ಅಂದ ಅವನು, ನನ್ನನ್ನು ನೋಡದೆ. "ಆಂಬುಲೆನ್ಸಿಗಿಂತ ಮುಂದೆ. ಹಿಂದಿನ ಸೀಟು ಖಾಲಿ ಬೇಕಂತೆ."

ನಾನು ಇಳಿದೆ. ಅವನು ಕೋಳವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಕೈಯಲ್ಲೇ ಹಿಡಿದು ಗಾಡಿ ಹತ್ತಿದ. ಅದಿನ್ನೂ ನನ್ನ ಮೈಯ ಬಿಸಿಯಲ್ಲೇ ಇತ್ತು.